ಸುಡದ ಸೆರಗು

"ಬ್ಲೇಡು ಬ್ಯಾಡ್ರಿ ಸ್ವಾಮಿ. ಬ್ಲೇಡಿಗೆ ದಾರ ಯಾವುದು, ಅರಿವೆ ಯಾವುದು ಗೊತ್ತಾಗಲ್ಲ. ನಾ ಹೊಲಿದಿದ್ದು, ನಾನೇ ಬಿಚ್ತೀನಿ," ಎಂದಳು ಉಡಚಮ್ಮ.

ಹೆಡ್ ಕಾನ್‌ಸ್ಟೇಬಲ್ ಮಾರಪ್ಪ ಎತ್ತಿದ ಕೈಯನ್ನು ಹಾಗೇ ಹಿಡಿದು ಸಬ್ ಇನ್ಸ್‌ಪೆಕ್ಟರ್ ಓಂಕಾರಪ್ಪನ ಮುಖ ನೋಡಿದ. ಓಂಕಾರಪ್ಪ ಆಗಲಿ ಎಂಬಂತೆ ತಲೆಯಾಡಿಸಿದ.

ನ್ಯಾಮತಿಯ ಕೊನೆಯ ಓಣಿಯಲ್ಲಿ ಉಡಚಮ್ಮನ ಒಂದಂಕಣದ ಮನೆ. ಬಾಗಿಲ ಬೆಳಕು ಬೀಳುವ ಕಡೆ ಚಾಪೆ ಹಾಸಿ, ಅದರ ಮೇಲೆ ಗಡಿಗೆಯನ್ನು ಇಟ್ಟಿದ್ದರು. ಮೊಳದೆತ್ತರದ ಗಡಿಗೆ. ದುಂಡು ಹೊಟ್ಟೆ, ಸಣ್ಣ ಕೊರಳು, ಹೊರಕ್ಕೆ ಮಡಚಿದ ಕಂಠ. ದೂರದಿಂದ ನೋಡಿದವರು ಕುಂಬಾರನ ಮನೆಯದು ಎನ್ನಬೇಕು. ಹತ್ತಿರ ಬಂದು ಬೆರಳಿಟ್ಟರೆ ಮಾತ್ರ ಗೊತ್ತಾಗುತ್ತಿತ್ತು, ಅದೆಲ್ಲ ಬಟ್ಟೆ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಗಳು ಬುಡದಿಂದ ಬಾಯಿಯವರೆಗೆ ಸುತ್ತಿ ಸುತ್ತಿ ಏರಿದ್ದವು. ಹೊಟ್ಟೆಯ ಸುತ್ತ ಕಸೂತಿ: ಗೋಪುರ, ಆನೆ, ತೊಟ್ಟಿಲು.

ಆ ತೊಟ್ಟಿಲೇ ಇವರನ್ನೆಲ್ಲ ಇಲ್ಲಿಗೆ ಎಳೆದು ತಂದಿತ್ತು. ಹನ್ನೊಂದು ತಿಂಗಳ ಹಿಂದೆ, ಎಂಬತ್ತನಾಲ್ಕರ ದೀಪಾವಳಿ ಮುಗಿದ ಮಾರನೇ ದಿನ, ಚನ್ನಗಿರಿಯ ಕಸ್ತೂರಮ್ಮನ ಸೊಸೆ ಶಿವಲೀಲ ಸೀಮೆಎಣ್ಣೆ ಸ್ಟೌವಿನ ಬೆಂಕಿಗೆ ಸಿಕ್ಕಿ ಸತ್ತಳೆಂದು ಕಡತದಲ್ಲಿತ್ತು. ಕಳೆದ ವಾರ ಹೊನ್ನಾಳಿಯ ಕರಕುಶಲ ಪ್ರದರ್ಶನಕ್ಕೆ ತನ್ನ ಕಸೂತಿ ಇಡಲು ಬಂದಿದ್ದ ಶಿವಲೀಲಳ ತಾಯಿ, ಜಗಳೂರಿನ ಸರ್ವಮಂಗಳಮ್ಮ, ಈ ಗಡಿಗೆಯ ಮುಂದೆ ನಿಂತವಳು ಅಲ್ಲೇ ಕುಸಿದು ಕೂತಿದ್ದಳು. ಮಗಳ ಮೈಮೇಲೆ ಸುಟ್ಟು ಬೂದಿಯಾಯಿತು ಎಂದು ಹೇಳಿದ್ದ ಸೀರೆಯ ಸೆರಗು ಗಡಿಗೆಯ ಮೈಮೇಲೆ ಸುಖವಾಗಿ ಕೂತಿತ್ತು.

ಈಗ ಸರ್ವಮಂಗಳಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಎರಡು ಕೈ.

ಕಸ್ತೂರಮ್ಮನ ಹೇಳಿಕೆ ಓಂಕಾರಪ್ಪನಿಗೆ ಬಾಯಿಪಾಠವಾಗಿತ್ತು. 'ಸೊಸೆ ತವರಿನ ಕಸೂತಿ ಸೀರೆ ಉಟ್ಟು ಹಾಲು ಕಾಸುತ್ತಿದ್ದಳು. ಮೊದಲು ಸೆರಗಿಗೆ ಹತ್ತಿತು. ನಾವು ಓಡಿ ಬರುವಷ್ಟರಲ್ಲಿ ಮುಗಿದಿತ್ತು.' ಮೊದಲು ಹತ್ತಿದ್ದೇ ಸೆರಗಿಗೆ. ಆ ಸೆರಗಿನಲ್ಲಿ ಒಂದು ನೂಲೂ ಕಮರಿರಲಿಲ್ಲ.

ಆದರೆ ಸೆರಗಿನ ತುಂಡು ಒಂದೇ ಸಾಲದು. ಅಂಥದೇ ಇನ್ನೊಂದು ಸೀರೆ ಎಂದು ಯಾವ ವಕೀಲನಾದರೂ ತಳ್ಳಿಹಾಕುತ್ತಾನೆ. ಸೀರೆ ಪೂರ್ತಿ ಬೇಕಿತ್ತು. ಅದು ಒಳಪದರಗಳಲ್ಲಿ ಎಲ್ಲೆಲ್ಲಿದೆಯೋ, ಉಡಚಮ್ಮ ಒಬ್ಬಳಿಗೇ ಗೊತ್ತು.

ಅವಳು ಕಂಠದಿಂದ ಶುರು ಮಾಡಿದಳು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ, ಹಲ್ಲಿನಿಂದ ಕಚ್ಚಿ, ದಾರ ಎಳೆಯುತ್ತಿದ್ದಳು. ಸಾಕ್ಷಿಗೆ ಪಂಚರೆಂದು ಕರೆದಿದ್ದ ಇಬ್ಬರು ಹೊಸ್ತಿಲ ಮೇಲೆ ಬೀಡಿ ಹಚ್ಚದೆ ಕೂತಿದ್ದರು.

"ಇದನ್ನ ಯಾತಕ್ಕೆ ಮಾಡ್ತೀಯಮ್ಮ? ನೀರು ನಿಲ್ಲಲ್ಲ," ಎಂದು ಕೇಳಿದ ಓಂಕಾರಪ್ಪ.

"ನಿಲ್ಲಲ್ರಿ. ನಮ್ಮತ್ತೆ ಕಾಲದ್ದು ಒಂದು ಗಡಿಗೆ ಇತ್ತು, ಬಿರುಕು ಬಿಟ್ಟಿತ್ತು. ಎಸೆಯಾಕೆ ಮನಸು ಬರಲಿಲ್ಲ. ಕೌದಿ ಹೊಲಿದಂಗೆ ಅದರ ಮೈತುಂಬ ಅರಿವೆ ಸುತ್ತಿ ಹೊಲಿದೆ. ಒಂದಿನ ಬೆಕ್ಕು ಬೀಳಿಸ್ತು. ಒಳಗೆ ಗಡಿಗೆ ಪುಡಿ ಆತು, ಹೊರಗಿನ ಅರಿವೆ ಹಂಗೇ ನಿಂತಿತ್ತು. ಅವತ್ತಿಂದ ಮಾಡ್ತೀನಿ."

"ಎಷ್ಟು ಪದರ?"

"ಏಳು. ಪದರಕ್ಕೊಂದ್ಸಲ ಹುಣಸೆಬೀಜದ ಅಂಟು. ಬಗ್ಗಿಸಿದ ದಬ್ಬಣದಾಗೆ ಹೊಲಿಗೆ. ಎಲ್ಲಾ ಆದ ಮ್ಯಾಲೆ ಒಳಗಿನ ಮಣ್ಣಿನ ಗಡಿಗೇನ ಒಡೆದು, ಚೂರು ಚೂರೇ ಬಾಯಿಂದ ತೆಗೀತೀನಿ."

ಹೊರಪದರ ಕಳಚಿತು. ಅದು ಸೆರಗು. ಉಡಚಮ್ಮ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಚಾಪೆಯ ಮೇಲೆ ಹಾಸಿದಳು. ಸರ್ವಮಂಗಳಮ್ಮ ಮೊದಲ ಸಲ ಮುಂದಕ್ಕೆ ಬಾಗಿದಳು.

"ಈ ತೊಟ್ಟಿಲಿನ ಒಂದು ಕಾಲು ಕಿತ್ತಳೆ ಬಣ್ಣದ್ದು, ನೋಡ್ರಿ ಸಾಹೇಬ್ರೆ. ಮಿಕ್ಕಿದ್ದೆಲ್ಲ ಕೆಂಪು. ನನ್ನ ಹತ್ರ ಕೆಂಪು ದಾರ ಮುಗಿದಿತ್ತು. ಜಗಳೂರಿನ ಅಂಗಡೀಲೆಲ್ಲ ಹುಡುಕಿದೆ, ಅದೇ ಕೆಂಪು ಸಿಗಲಿಲ್ಲ. ಮದುವೆ ನಾಳೆ ಐತೆ ಅನ್ನಾಗ ಕಿತ್ತಳೆ ಹಾಕಿ ಮುಗಿಸಿದೆ. 'ಇರಲಿ ಬಿಡವ್ವ, ಯಾರು ಕೂತು ಎಣಿಸ್ತಾರೆ' ಅಂದ್ಲು ನನ್ನ ಮಗಳು."

ಮಾರಪ್ಪ ಬರೆದುಕೊಂಡ. ಪಂಚರು ಬಗ್ಗಿ ನೋಡಿ ಹೌದೆಂದರು.

ಎರಡನೇ ಪದರ ಯಾರದೋ ಪಂಚೆ. ಮೂರನೆಯದರಲ್ಲಿ ಸೀರೆಯ ಒಡಲು ಸಿಕ್ಕಿತು, ನಾಲ್ಕನೆಯದರಲ್ಲೂ. ಬುಡ ಅಗಲ, ತುದಿ ಚೂಪಾಗಿ ಕತ್ತರಿಸಿದ ತುಂಡುಗಳನ್ನು ಅಂಚಿಗೆ ಅಂಚು ಹೊಂದಿಸಿ ಉಡಚಮ್ಮ ಸಾಲಾಗಿ ಇಡುತ್ತಾ ಹೋದಳು. ಕತ್ತರಿಸಿದ ಕೈಗೆ ಯಾವುದು ಎಲ್ಲಿಯದೆಂದು ನೆನಪಿತ್ತು. ಮಧ್ಯಾಹ್ನವಾಗುವಾಗ ಚಾಪೆ ಸಾಲದೆ ನೆಲದ ಮೇಲೂ ಸೀರೆ ಹರಡಿಕೊಂಡಿತ್ತು. ಮಾರಪ್ಪ ಮೊಳ ಹಾಕಿದ. ಕಂಠಕ್ಕೆ ಹುರಿ ಮಾಡಿದ್ದ ಒಂದು ಗೇಣು, ಹೆಗಲಿನ ಒಂದು ತುಂಡು ಬಿಟ್ಟರೆ ಸೀರೆ ಪೂರ್ತಿ ಇತ್ತು. ಎಲ್ಲಿಯೂ ಬೆಂಕಿ ತಾಗಿರಲಿಲ್ಲ.

ಐದನೇ ಪದರಕ್ಕೆ ಬಂದಾಗ ಉಡಚಮ್ಮನ ಕೈ ನಿಧಾನವಾಯಿತು.

"ಏನದು?"

ಅವಳು ತುಂಡನ್ನು ಬೆಳಕಿಗೆ ಹಿಡಿದಳು. ಹೆಗಲ ಮೇಲೆ ಬರುವ ಭಾಗ. ಅಂಗೈ ಅಗಲದ ಕಂದು ಕಲೆ, ಸುತ್ತ ಕಾಳು ಕಾಳಾಗಿ ಚಿಮ್ಮಿದ ಗುರುತು.

"ಮೂರು ಸಲ ಒಗೆದೆ, ಹೋಗಲಿಲ್ಲ. ಅದಕ್ಕೇ ಒಳಗೆ ಹಾಕಿದೆ."

"ಅಡಿಕೆ ಬೇಯಿಸೋ ಮನೇದು. ಅಡಿಕೆ ಬೆಂದ ಕೆಂಪು ನೀರು, ಚೊಗರಿನ ಕಲೆ ಇರಬೇಕು, ಸಾರ್," ಎಂದ ಮಾರಪ್ಪ.

"ಚೊಗರು ಹಿಂಗೆ ಚಿಮ್ಮಲ್ರಿ. ಅದು ಹರೀತದೆ." ಉಡಚಮ್ಮ ತಲೆ ಎತ್ತಲಿಲ್ಲ. "ಇದು ರಕ್ತ. ನಾ ಹೆಣ್ಣುಮಗಳು. ರಕ್ತದ ಕಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಸರ್ವಮಂಗಳಮ್ಮನ ಕೈ ಮಡಿಲಲ್ಲೇ ಬಿಗಿಯಿತು.

ಓಂಕಾರಪ್ಪ ಉಡಚಮ್ಮನ ಎದುರು ಕುಕ್ಕರಗಾಲಲ್ಲಿ ಕೂತ. "ಈ ಸೀರೆ ನಿನಗೆ ಎಲ್ಲಿ ಸಿಕ್ತು?"

"ಹೇಳಿದ್ನಲ್ರಿ. ಹೊನ್ನಾಳಿ ಬಸ್‌ಸ್ಟ್ಯಾಂಡಿನಾಗೆ ಒಬ್ಬಾಕಿ ಕೊಟ್ಲು. ನಾ ಪಾತ್ರೆ ಕೊಟ್ಟು ಹಳೇ ಬಟ್ಟೆ ತಗಳಾಕಿ. ಅಲ್ಯೂಮಿನಿಯಂ ಬೋಗುಣಿ ಕೊಟ್ಟು ತಗಂಡೆ."

"ಯಾವತ್ತು?"

"ಇಂದಿರಮ್ಮ ಸತ್ತ ಮಾರನೇ ದಿನ. ಬಸ್ಸಿಲ್ಲ, ಲಾರಿಯಿಲ್ಲ, ಅಂಗಡಿ ಎಲ್ಲಾ ಬಂದ್. ಗಂಟು ಇಟ್ಕಂಡು ಅಲ್ಲೇ ಕೂತಿದ್ದೆ. ಅದನ್ನ ಹೆಂಗೆ ಮರೀಲಿ?"

ಅಂದರೆ ನವೆಂಬರ್ ಒಂದು. ಬೆಂಕಿ ಬಿದ್ದದ್ದು ಅಕ್ಟೋಬರ್ ಇಪ್ಪತ್ತಾರು. ಸೊಸೆಯನ್ನು ಮಣ್ಣು ಮಾಡಿ ಆರನೇ ದಿನಕ್ಕೆ ಯಾರೋ ಈ ಸೀರೆಯನ್ನು ಹೊನ್ನಾಳಿಯವರೆಗೆ ಹೊತ್ತು ತಂದು ಕೈ ತೊಳೆದುಕೊಂಡಿದ್ದರು.

"ದೊಡ್ಡ ಮನೆ ಹೆಂಗಸಾ?"

"ಹೂಂ. ದೊಡ್ಡ ಮನೆಯಾಕಿ ಇದ್ದಂಗೆ ಇದ್ಲು."

"ವಯಸ್ಸು?"

"ನಾ ಅರಿವೆ ನೋಡ್ತೀನಿ ಸ್ವಾಮಿ, ಮುಖ ನೋಡಲ್ಲ." ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟುಕೊಂಡಳು. "ಎದುರಿಗೆ ತಂದು ನಿಲ್ಲಿಸಿದ್ರೆ ಗುರುತು ಹಿಡೀತೀನಿ."

ಅವಳು ಏನನ್ನೋ ನುಂಗಿಕೊಂಡಳೆಂದು ಓಂಕಾರಪ್ಪನಿಗೆ ಅನ್ನಿಸಿತು. ಪೊಲೀಸರೆಂದರೆ ಹೆದರುವ ಹೆಂಗಸು ಇಷ್ಟಾದರೂ ಹೇಳಿದಳಲ್ಲ ಎಂದುಕೊಂಡು ಎದ್ದ.

*

ಜೀಪು ಹೊನ್ನಾಳಿ ದಾಟಿ ತುಂಗಭದ್ರೆಯ ಸೇತುವೆಗೆ ಬಂತು. ಹಿಂದಿನ ಸೀಟಿನಲ್ಲಿ ಸರ್ವಮಂಗಳಮ್ಮ ಒಬ್ಬಳೇ ಕೂತಿದ್ದಳು. ಉಡಚಮ್ಮ ಜೀಪಿನ ನೆಲದ ಮೇಲೆ, ತುಂಡುಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿದ್ದಳು.

"ಮ್ಯಾಲೆ ಕೂತ್ಕಳವ್ವ," ಎಂದಳು ಸರ್ವಮಂಗಳಮ್ಮ.

"ಇರಲಿ ಬಿಡ್ರಿ."

"ಕೂತ್ಕ. ದಾರಿ ಸರಿ ಇಲ್ಲ, ಬೆನ್ನು ಮುರೀತದೆ."

ಉಡಚಮ್ಮ ಸೀಟಿನ ಅಂಚಿಗೆ ಏರಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಅಂದಳು, "ನಿಮ್ಮ ಕಸೂತಿ ಕತ್ತರಿಸಾಕೆ ಮನಸೇ ಬರಲಿಲ್ರಿ. ಅಷ್ಟು ಒಳ್ಳೇ ಕೆಲಸ. ಹಿಂದೆ ಮುಂದೆ ಯಾವುದು ಅಂತ ಗೊತ್ತೇ ಆಗಲ್ಲ."

"ಅಷ್ಟು ಒಳ್ಳೇದಿದ್ರೆ ಯಾಕೆ ಕತ್ತರಿಸಿದೆ? ಉಟ್ಕಬಹುದಿತ್ತು. ಮಾರಬಹುದಿತ್ತು."

ಉಡಚಮ್ಮ ಹೊಳೆಯ ಕಡೆ ಮುಖ ತಿರುಗಿಸಿದಳು. ಮುಂದಿನ ಸೀಟಿನಲ್ಲಿದ್ದ ಓಂಕಾರಪ್ಪ ಕನ್ನಡಿಯಲ್ಲಿ ಅದನ್ನು ನೋಡಿದ.

*

ಚನ್ನಗಿರಿಯ ಪೇಟೆ ಬೀದಿಯಲ್ಲಿ ಕಸ್ತೂರಮ್ಮನ ಮನೆ. ಜೀಪು ನಿಂತಾಗ ಬಿಸಿಲು ಇಳಿಯುತ್ತಿತ್ತು. ಸರ್ವಮಂಗಳಮ್ಮ ಇಳಿಯಲಿಲ್ಲ.

"ಆ ಹೊಸ್ತಿಲು ನಾನು ತುಳಿಯಲ್ಲ ಸಾಹೇಬ್ರೆ. ಇಲ್ಲೇ ಇರ್ತೀನಿ."

"ಸರಿ. ಉಡಚಮ್ಮ, ನೀನೂ ಇಲ್ಲೇ ಇರು. ಕರೆದಾಗ ಬಾ."

ಕಸ್ತೂರಮ್ಮ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ಮಗ ಬಸವರಾಜಪ್ಪ ಅಂಗಡಿಯಿಂದ ಆಗಷ್ಟೇ ಬಂದು ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಮೇ ತಿಂಗಳಲ್ಲಿ ತಂದ ಎರಡನೇ ಸೊಸೆ.

"ಮತ್ತೇನ್ರಿ ಸಾಹೇಬ್ರೆ? ಸತ್ತೋಳನ್ನ ನೆಮ್ಮದಿಯಾಗಿ ಇರಾಕೆ ಬಿಡ್ರಿ," ಎಂದಳು ಕಸ್ತೂರಮ್ಮ.

ಓಂಕಾರಪ್ಪ ಮಾರಪ್ಪನ ಕೈಯಿಂದ ಗಂಟು ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ ಬಿಚ್ಚಿದ. ಸೆರಗನ್ನು ಮೊದಲು ಹಾಸಿದ. ಆಮೇಲೆ ಒಡಲು. ಕಲೆಯಿದ್ದ ತುಂಡನ್ನು ಕೊನೆಗೆ, ಕಸ್ತೂರಮ್ಮನ ಕಾಲ ಹತ್ತಿರ ಇಟ್ಟ.

ಬಸವರಾಜಪ್ಪನ ಕೈ ಗುಂಡಿಯ ಮೇಲೇ ನಿಂತಿತು.

"ಯಾವ ಸೀರೆ ಇದು?"

"ಅಂಥವು ಸಾವಿರ ಇರ್ತವೆ," ಎಂದಳು ಕಸ್ತೂರಮ್ಮ.

"ಕಿತ್ತಳೆ ಕಾಲಿನ ತೊಟ್ಟಿಲು ಒಂದೇ ಇರ್ತದೆ. ಅದನ್ನ ಹಾಕಿದ ಕೈ ಹೊರಗೆ ಜೀಪಿನಲ್ಲಿ ಐತೆ. ಕರೀಲಾ?"

ಕಸ್ತೂರಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಮೊದಲು ಸೆರಗಿಗೆ ಹತ್ತಿತು ಅಂತ ಬರೆಸಿದ್ರಿ. ಯಾವ ಸೆರಗಿಗೆ ಕಸ್ತೂರಮ್ಮನೋರೆ? ತೋರಿಸ್ರಿ, ಎಲ್ಲಿ ಹತ್ತಿತು?"

"ಅವತ್ತು ಅದನ್ನೇ ಉಟ್ಟಿದ್ಲು. ನಾ ಕಣ್ಣಾರೆ ನೋಡೀನಿ."

"ಉಟ್ಟಿದ್ಲು. ಸರಿ. ಹೊಡೆದಾಗ ಉಟ್ಟಿದ್ಲು, ರಕ್ತ ಇಲ್ಲಿ ಐತೆ. ಸುಡಾಕೆ ಮುಂಚೆ ಬಿಚ್ಚಿದ್ರಿ. ಬಿಚ್ಚಿದ್ದನ್ನ ಸುಡೋ ಬದಲು ಹೊನ್ನಾಳಿಗೆ ಹೋಗಿ ಬೋಗುಣಿಗೆ ಮಾರಿಕೊಂಡ್ರಿ. ಅಲ್ಲೇ ನೀವು ತಪ್ಪಿದ್ದು."

"ಸುಳ್ಳು!" ಬಸವರಾಜಪ್ಪ ಕೂಗಿದ. "ನಾವು ಸುಟ್ಟಿಲ್ಲ. ನಾವು ಮನೇಲೇ ಇರಲಿಲ್ಲ."

"ಬಸವರಾಜ!" ತಾಯಿಯ ದನಿ ಚಾಟಿಯಂತೆ ಬಂತು.

"ಸಾಕು ಬಿಡವ್ವ! ನೇಣಿಗೆ ಹಾಕಿಸ್ತಾನೆ ಈತ. ಹೇಳಿಬಿಡ್ತೀನಿ."

ಅವನು ಗೋಡೆಗೆ ಕೈ ಊರಿ ನಿಂತ. ಮಾತು ತುಂಡು ತುಂಡಾಗಿ ಬಂತು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಇನ್ನೊಂದು ಮದುವೆಗೆ ಒಪ್ಪಿಗೆ ಎಂದು ಒಂದು ಕಾಗದ ಬರೆಸಿ ತಂದಿದ್ದರು. ಶಿವಲೀಲ ಸಹಿ ಹಾಕಲಿಲ್ಲ. ಹಬ್ಬದ ಮಾರನೇ ಬೆಳಗ್ಗೆ ತವರಿನ ಸೀರೆ ಉಟ್ಟು, ಜಗಳೂರಿಗೆ ಹೋಗುತ್ತೇನೆ ಎಂದು ಚೀಲ ಹಿಡಿದು ನಿಂತಿದ್ದಳು.

"ಹೊಡೆದೆ," ಎಂದ ಬಸವರಾಜಪ್ಪ, ದನಿ ತಗ್ಗಿಸಿ. "ಹಿತ್ತಾಳೆ ಚೊಂಬು ಕೈಯಾಗಿತ್ತು. ಎಡಗಿವಿ ಹಿಂದೆ ಬಿತ್ತು. ಕಿವಿ ಹರೀತು. ಹೆಗಲೆಲ್ಲ ರಕ್ತ ಆತು."

"ಆಮೇಲೆ?"

"ಒಳಗೆ ಕೂಡಿ, ಮುಂಬಾಗಿಲಿಗೆ ಹೊರಗಿಂದ ಚಿಲಕ ಹಾಕಿದ್ವಿ. ಕತ್ತಲಗೆರೆಗೆ ಹೋಗಬೇಕಾಗಿತ್ತು, ಹೆಣ್ಣು ನೋಡಾಕೆ. ಸಂಜೆ ಬಂದ್ರೆ ಹೊಗೆ."

ಮಾರಪ್ಪನ ಪೆನ್ನು ನಿಂತು ಮತ್ತೆ ಓಡಿತು. ಬಾಗಿಲ ಹಿಂದಿನ ಬಳೆಗಳು ಸುಮ್ಮನಾಗಿದ್ದವು.

"ಹಂಗಾದ್ರೆ ನೀವು ನೋಡಿದ್ದು?"

"ಅಡುಗೆಮನೇಲಿ ಬಿದ್ದಿತ್ತು. ಕರ್ರಗೆ. ಸೀಮೆಎಣ್ಣೆ ಡಬ್ಬಿ ಪಕ್ಕದಾಗೇ ಇತ್ತು. ತಾನೇ ಸುಟ್ಕಂಡ್ಲು ಅಂದ್ಕಂಡ್ವಿ. ಕೂಡಿ ಹಾಕಿ ಹೋಗಿದ್ದು ಗೊತ್ತಾದ್ರೆ ನಮ್ಮ ತಲೆಗೆ ಬರ್ತದೆ ಅಂತ ಅವ್ವ ಸ್ಟೌ ಅಂತ ಹೇಳಿದ್ಲು."

ಕಸ್ತೂರಮ್ಮ ಈಗ ಮಗನ ಕಡೆ ನೋಡಲಿಲ್ಲ. ಒಂದು ಲೆಕ್ಕ ತಪ್ಪಿದ ಮೇಲೆ ಇನ್ನೊಂದನ್ನು ಹಿಡಿಯುವವಳಂತೆ ನೇರ ಓಂಕಾರಪ್ಪನ ಜೊತೆ ಮಾತಿಗಿಳಿದಳು.

"ಕೇಳ್ರಿ. ಬೆಳಗ್ಗೆ ಅವಳು ಆ ಸೀರೇನೇ ಉಟ್ಟಿದ್ಲು. ಆಮೇಲೆ ಪೆಟ್ಟಿಗೇಲಿ ನೋಡಿದ್ರೆ ಆ ಸೀರೆ ಇರಲಿಲ್ಲ. ಮೈಮೇಲೇ ಸುಟ್ಟಿರಬೇಕು ಅಂದ್ಕಂಡೆ, ಹಂಗೇ ಬರೆಸಿದೆ. ಅದು ಹೊನ್ನಾಳಿಗೆ ಹೆಂಗೆ ಹೋತು ನನಗೆ ಗೊತ್ತಿಲ್ಲ. ಆ ಲಿಂಗದಾಣೆ ಗೊತ್ತಿಲ್ಲ."

ಇಷ್ಟು ದಿನದಲ್ಲಿ ಮೊದಲ ಸಲ ಅವಳು ನಿಜ ಹೇಳುತ್ತಿದ್ದಾಳೆ ಅನ್ನಿಸಿ ಓಂಕಾರಪ್ಪನಿಗೆ ಒಂಥರಾ ಕಸಿವಿಸಿಯಾಯಿತು.

"ಮುಖ ನೋಡಿದ್ರಾ?"

"ಮುಖ ಎಲ್ಲಿತ್ರಿ ನೋಡಾಕೆ."

"ಮತ್ತೆ ಶಿವಲೀಲ ಅಂತ ಹೆಂಗೆ ಹೇಳಿದ್ರಿ?"

"ಕೊರಳಾಗೆ ಲಿಂಗದ ಕರಡಿಗೆ ಇತ್ತು. ಬೆಳ್ಳೀದು. ಅವಳದೇ. ಅವರ ತಾಯಿನೂ ಅದನ್ನೇ ನೋಡಿ ಹೌದು ಅಂದ್ಲು. ಮುಂಬಾಗಿಲಿಗೆ ಚಿಲಕ ಹಾಕಿದ್ದ ಮನೇಲಿ ಬ್ಯಾರೆ ಯಾರಿರ್ತಾರೆ?"

"ಹಿತ್ತಿಲ ಬಾಗಿಲು?"

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತೆರೆದಿತ್ತು," ಎಂದ ಬಸವರಾಜಪ್ಪ ಕೊನೆಗೆ. "ನಾವು ಒಳಗಿಂದ ಬೀಗ ಹಾಕಿಸಿದ್ವಿ. ಬಂದಾಗ ತೆರೆದಿತ್ತು. ಕಾಯಾಕೆ ಬಿಟ್ಟಿದ್ದ ಕೆಲಸದಾಕಿ ಹತ್ರ ಕೀಲಿ ಇತ್ತು."

"ಆಕಿ ಎಲ್ಲಿ?"

"ಹಬ್ಬ ಮುಗಿಸಿ ಊರಿಗೆ ಹೋಗ್ತೀನಿ ಅಂದಿದ್ಲು. ಹೋದಾಕಿ ತಿರುಗಿ ಬರಲೇ ಇಲ್ಲ."

"ಯಾವ ಊರು? ಹೆಸರೇನು?"

ಕಸ್ತೂರಮ್ಮ ಹುಬ್ಬು ಗಂಟಿಕ್ಕಿದಳು. "ಎಂಥದೋ ಇತ್ತು. ಎಂಟು ತಿಂಗಳು ಇದ್ಲು ಅಷ್ಟೆ. ಕೇಳಿಕೊಂಡು ಯಾರೂ ಬರಲಿಲ್ಲ. 'ಏಯ್' ಅಂದ್ರೆ ಬರ್ತಿದ್ಲು. ಅದೆಲ್ಲ ಈಗ ಯಾಕ್ರಿ?"

ಮಾರಪ್ಪ ಬರೆಯಲೋ ಬೇಡವೋ ಎಂದು ನೋಡಿದ. "ಬರೀ," ಎಂದ ಓಂಕಾರಪ್ಪ.

ನಂತರ ಎದ್ದು ಬಾಗಿಲಿಗೆ ಹೋದ. ಕಸ್ತೂರಮ್ಮ ನಿಜವನ್ನೇ ಹೇಳುತ್ತಿದ್ದರೂ ಸೀರೆ ತಾನಾಗಿ ಹೊನ್ನಾಳಿಗೆ ನಡೆದು ಹೋಗಿರಲಾರದು. ಕೊಟ್ಟ ಕೈ ಒಂದಿತ್ತು. ಆ ಕೈಯನ್ನು ನೋಡಿದವಳು ಹೊರಗಿದ್ದಳು.

"ಉಡಚಮ್ಮ, ಬಾ."

ಉಡಚಮ್ಮ ಜೀಪಿನಿಂದ ಇಳಿದು ಕಟ್ಟೆಯ ಕೆಳಗೇ ನಿಂತಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದಳು.

"ಆಕಿ ಅಲ್ಲೇ ನಿಂತು ಹೇಳಲಿ. ನಾನೇ ಬಾಗಿಲಿಗೆ ಬರ್ತೀನಿ," ಎಂದಳು ಕಸ್ತೂರಮ್ಮ ಒಳಗಿನಿಂದ. ಇಷ್ಟೆಲ್ಲ ಆದ ಮೇಲೂ ಆ ದನಿಯಲ್ಲಿ ಅನುಮಾನ ಇರಲಿಲ್ಲ.

"ಒಳಗೇ ಬರ್ತಾಳೆ," ಎಂದ ಓಂಕಾರಪ್ಪ.

ಉಡಚಮ್ಮ ಕದಲಲಿಲ್ಲ. ಹೊಸ್ತಿಲನ್ನು ನೋಡಿದಳು, ಪೊಲೀಸನನ್ನು ನೋಡಿದಳು. ಅಷ್ಟರಲ್ಲಿ ಜೀಪಿನ ಬಾಗಿಲು ಸದ್ದಾಯಿತು. ಸರ್ವಮಂಗಳಮ್ಮ ಇಳಿದು ಬಂದಳು. ಉಡಚಮ್ಮನ ಕೈಯಿಂದ ಚಪ್ಪಲಿ ತೆಗೆದು ಕೆಳಗಿಟ್ಟು, ಆ ಕೈಯನ್ನೇ ಹಿಡಿದುಕೊಂಡಳು.

"ನಡಿ. ನಾನೂ ಬರ್ತೀನಿ."

ಇಬ್ಬರೂ ಹೊಸ್ತಿಲು ದಾಟಿದರು.

ಕಸ್ತೂರಮ್ಮ ಬೀಗಿತಿಯ ಮುಖ ನೋಡದೆ ಗದ್ದ ಎತ್ತಿ ಉಡಚಮ್ಮನ ಎದುರು ನಿಂತಳು. "ನೋಡು. ಸರಿಯಾಗಿ ನೋಡು. ನಾ ನಿನಗೆ ಸೀರೆ ಕೊಟ್ಟೀನಾ?"

ಉಡಚಮ್ಮ ನೋಡಿದಳು. ಬೇಗ ಮುಗಿಸಲಿಲ್ಲ. ಹಣೆ, ಮೂಗು, ಕೈ, ಕೈಯ ಬಳೆ.

"ಈಕಿ ಅಲ್ರಿ."

"ಕೇಳಿದ್ರಾ?" ಕಸ್ತೂರಮ್ಮ ಉಸಿರು ಬಿಟ್ಟಳು. "ಕೇಳಿದ್ರಾ ಸಾಹೇಬ್ರೆ?"

ಓಂಕಾರಪ್ಪನ ಮುಖ ಕಪ್ಪಿಟ್ಟಿತು. ಒಳಗಿನ ಸೊಸೆಯನ್ನು ಕರೆಸಬೇಕೆ ಎಂದು ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಹಿಂದಿನಿಂದ ಉಡಚಮ್ಮನ ದನಿ ಬಂತು. ತೀರಾ ಸಣ್ಣ ದನಿ.

"ಸ್ವಾಮಿ. ಆಕಿಗ್ಯಾಕ್ರಿ ಹಾರ ಹಾಕೀರಿ?"

ಅವಳು ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದಳು. ಮದುವೆಯ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಒಂದು ಮುಖ. ಗಾಜಿನ ಮೇಲೆ ವಿಭೂತಿ, ಒಣಗಿದ ಚೆಂಡುಹೂವಿನ ಹಾರ.

"ಅದು ಸತ್ತೋಳು," ಎಂದ ಮಾರಪ್ಪ. "ಶಿವಲೀಲ."

"ಸತ್ತೋಳು ಅಂದ್ರೆ? ಯಾವಾಗ ಸತ್ಲು?"

"ಅದೇ, ಹೋದ ದೀಪಾವಳಿ ಮಾರನೇ ದಿನ. ಬೆಂಕಿಯಾಗೆ."

ಉಡಚಮ್ಮ ತಲೆಯಾಡಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು ಕಂಬಕ್ಕೆ ತಾಗಿ ನಿಂತಳು. "ಇಲ್ರಿ. ಆಕೀನೇ ನನಗೆ ಸೀರೆ ಕೊಟ್ಟಾಕಿ."

ಬಸವರಾಜಪ್ಪ ಫೋಟೋದ ಕಡೆ ತಿರುಗಿದ.

"ಏನು ಮಾತಾಡ್ತೀಯ?" ಎಂದ ಓಂಕಾರಪ್ಪ. "ನೀನೇ ಹೇಳಿದ್ದು ಇಂದಿರಮ್ಮ ಸತ್ತ ಮಾರನೇ ದಿನ ಅಂತ. ಇವಳನ್ನ ಮಣ್ಣು ಮಾಡಿ ಅಷ್ಟೊತ್ತಿಗೆ ಐದು ದಿನ ಆಗಿತ್ತು."

"ನನ್ನ ಪಕ್ಕ ಕೂತು ನೀರು ಕುಡಿದ್ಲು ಸ್ವಾಮಿ! ನಾನೇ ಚೆಂಬು ಕೊಟ್ಟೆ." ಉಡಚಮ್ಮನ ಮಾತು ಈಗ ನಿಲ್ಲಲಿಲ್ಲ. "ಬೋಗುಣಿ ಕೊಟ್ಟೆ ಅಂದಿದ್ದು ಸುಳ್ಳು. ಆಕಿ ಬೋಗುಣಿ ಕೇಳಲಿಲ್ಲ. ನನ್ನ ಗಂಟಿನಾಗೆ ಇದ್ದ ಒಂದು ಹರಕ ಸೀರೆ ಕೇಳಿದ್ಲು. ಅಷ್ಟು ಚೆಂದ ಸೀರೆ ಕೊಟ್ಟು ಹರಕು ಕೇಳ್ತಾಳಲ್ಲ, ಕದ್ದಿದ್ದೇ ಇರಬೇಕು ಅಂದ್ಕಂಡೆ. ಯಾರಾದ್ರೂ ನನ್ನ ಮೈಮೇಲೆ ನೋಡಿದ್ರೆ ಕಳ್ಳಿ ಅಂತಾರೆ. ಮನೆಗೆ ಹೋದಾಕೀನೇ ಒಗೆದು ಕತ್ತರಿ ಹಾಕಿದೆ. ಅದಕ್ಕೇ ಹೇಳಾಕೆ ಹೆದರಿದೆ."

"ಬ್ಯಾರೆ ಯಾರನ್ನೋ ನೋಡಿ ಹೇಳ್ತಾಳೆ," ಎಂದ ಬಸವರಾಜಪ್ಪ. ಅವನ ತುಟಿ ಒಣಗಿತ್ತು. "ಫೋಟೋ ನೋಡಿ ಏನು ಗೊತ್ತಾಗ್ತದೆ?"

"ಗೊತ್ತಾಗ್ತದ್ರಿ. ಕಿವಿಗೆ ಅರಿಶಿನ ಹಚ್ಚಿದಾಕಿ ನಾನು. ಈ ಕಿವಿ." ಉಡಚಮ್ಮ ತನ್ನ ಎಡಗಿವಿಯ ಹಿಂದೆ ಬೆರಳಿಟ್ಟಳು. "ಇಲ್ಲಿ ಹರಿದಿತ್ತು. ಕೀವು ಕಟ್ಟಿತ್ತು. ಏನಾತವ್ವ ಅಂದೆ. ಚೊಂಬು ತಾಗ್ತು ಅಂದ್ಲು."

ಮಾರಪ್ಪನ ಕೈಯಿಂದ ಪೆನ್ನು ಜಾರಿ ನೆಲಕ್ಕೆ ಬಿತ್ತು. ಬಸವರಾಜಪ್ಪ ಚೊಂಬಿನ ಮಾತಾಡಿದಾಗ ಈ ಹೆಂಗಸು ಬೀದಿಯಲ್ಲಿ, ಜೀಪಿನೊಳಗೆ ಇದ್ದಳು. ಅಲ್ಲಿಗೆ ಆ ತಗ್ಗಿದ ದನಿ ಕೇಳುವಂತೆಯೇ ಇರಲಿಲ್ಲ.

ಕಸ್ತೂರಮ್ಮ ಕುರ್ಚಿಯನ್ನು ಕೈಯಲ್ಲಿ ತಡವಿ ಹುಡುಕಿ ಕೂತಳು.

"ಎಲ್ಲಿಗೆ ಹೋದ್ಲು?" ಓಂಕಾರಪ್ಪ ಉಡಚಮ್ಮನ ಎರಡೂ ತೋಳು ಹಿಡಿದಿದ್ದ. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ. "ನೆನಪು ಮಾಡ್ಕ. ಎಲ್ಲಿಗೆ ಅಂದ್ಲು?"

"ತವರಿಗೆ ಅಂದ್ಲು. ಜಗಳೂರಿಗೆ ಬಸ್ಸು ಯಾವಾಗ ಬಿಡ್ತಾರೆ ಅಂತ ಎಲ್ಲರನ್ನೂ ಕೇಳ್ತಿದ್ಲು. ಮಾರನೇ ದಿನ ಬೆಳಗ್ಗೆ ದಾವಣಗೆರೆ ಬಸ್ಸು ಬಂತು. ಹತ್ತಿದ್ದು ನಾ ನೋಡೀನಿ."

"ನಮ್ಮನೆಗೆ ಬರಲಿಲ್ಲ," ಎಂದಳು ಸರ್ವಮಂಗಳಮ್ಮ.

ಎಲ್ಲರೂ ಆಕೆಯ ಕಡೆ ತಿರುಗಿದರು. ಆಕೆ ಅಳುತ್ತಿರಲಿಲ್ಲ. ಫೋಟೋದ ಹತ್ತಿರ ಹೋಗಿ, ಕೈ ಎತ್ತಿ, ಒಣ ಹಾರವನ್ನು ಹಿಡಿದು ಎಳೆದಳು. ಹೂವಿನ ಪುಡಿ ನೆಲದ ಮೇಲಿನ ಸೀರೆಯ ತುಂಡುಗಳ ಮೇಲೆ ಉದುರಿತು.

"ನಮ್ಮನೆಗೆ ಬರಲೇ ಇಲ್ಲ. ಹನ್ನೊಂದು ತಿಂಗಳಾತು. ನಾನು ಬಾಗಿಲು ಹಾಕಿಕೊಂಡು ಅಳ್ತಾ ಕೂತಿದ್ದೆ. ಬಾಗಿಲು ತೆಗೆದು ಒಂದಿನ ದಾರಿ ನೋಡಲಿಲ್ಲ. ಸತ್ತೋಳ ದಾರಿ ಯಾರು ನೋಡ್ತಾರೆ?"

ಆಕೆ ಹಾರದ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಆಮೇಲೆ ಓಂಕಾರಪ್ಪನ ಕಡೆ ತಿರುಗಿದಳು. ಹನ್ನೊಂದು ತಿಂಗಳು ತನ್ನೊಳಗೆ ಹೂತಿಟ್ಟುಕೊಂಡದ್ದನ್ನು ಈಗ ಯಾರೋ ಅಗೆಯುತ್ತಿದ್ದಾರೆ ಎಂಬಂತಿತ್ತು ಆ ಮುಖ.

"ಸಾಹೇಬ್ರೆ, ಗುಂಡಿಯೊಳಗೆ ಕೂರಿಸಿದಾಗ ಕೈ ಹಿಡಿದುಕೊಂಡಿದ್ದೆ ನಾನು. ಸುಟ್ಟ ಕೈ. ನನ್ನ ಮಗಳ ಕೈ ಅಂತ ಮುದ್ದಿಟ್ಟೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಅಂತ ಮೂರು ಹಿಡಿ ಮಣ್ಣು ಹಾಕಿದೆ."

ಓಂಕಾರಪ್ಪನ ಕಣ್ಣು ಮಾರಪ್ಪನ ಪುಸ್ತಕದಲ್ಲಿ ಕೆಲಸದಾಕಿಯ ಹೆಸರಿಗೆಂದು ಖಾಲಿ ಬಿಟ್ಟ ಜಾಗಕ್ಕೆ ಹೋಯಿತು.

"ಅದು ಯಾರ ಮಗಳ ಕೈ ಸಾಹೇಬ್ರೆ?"